ಮುಂದಿನ ಸಂಚಿಕೆಯಲ್ಲಿ

ಮಾಸಪತ್ರಿಕೆಯೊಂದು ಕೈಗೆ ಬಂದೊಡನೆ ಅದನ್ನು ಯಾವ ಕಡೆಯಿಂದ ತೆರೆಯುತ್ತಾರೆಂಬುದನ್ನು ನೋಡಿ ಮನುಷ್ಯನ ಸ್ವಭಾವವನ್ನು ಹೇಳಬಹುದೆಂದು ನನ್ನ ನಂಬಿಕೆ. ಮೊದಲ ಪುಟದಿಂದ ಕ್ರಮವಾಗಿ ಓದುವವರು ಶಿಸ್ತಿನ ಜನ. ನಡುವೆ ಎಲ್ಲೋ ಬೆರಳಿಟ್ಟು ತೆರೆಯುವವರು ದೈವವನ್ನು ನಂಬಿದವರು. ಕೊನೆಯ ಪುಟದಿಂದ ಆರಂಭಿಸುವವರು ಆಸೆಬುರುಕರು. ಸಂಗೀತಪತ್ರಿಕೆಗಳ ವಿಷಯದಲ್ಲಿ ನಾನು ಈ ಮೂರನೆಯ ಪಂಗಡಕ್ಕೆ ಸೇರಿದವನು. ಕೊನೆಯ ಪುಟದ ಕೆಳತುದಿಯಲ್ಲಿ, ಮುದ್ರಕರ ಹೆಸರಿಗೂ ತಂಬೂರಿ ವೀಣೆಗಳನ್ನು ಮಾರುವ ಅಂಗಡಿಯ ಜಾಹೀರಾತಿಗೂ ನಡುವೆ, ನಾಲ್ಕಾರು ಸಾಲುಗಳ ಒಂದು ಸಣ್ಣ ಚೌಕವಿರುತ್ತದೆ. ‘ಮುಂದಿನ ಸಂಚಿಕೆಯಲ್ಲಿ’ ಎಂಬುದು ಅದರ ತಲೆಬರಹ. ಕೈಯಲ್ಲಿರುವ ಸಂಚಿಕೆಯನ್ನು ಓದುವ ಮೊದಲೇ ಮುಂದಿನದರಲ್ಲಿ ಏನಿದೆಯೆಂದು ನೋಡುವುದು ಎಲೆಯ ಮುಂದೆ ಕುಳಿತು ನಾಳೆಯ ಅಡುಗೆಯೇನೆಂದು ಕೇಳಿದಂತೆ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ಮಾಡಲಿ. ಒಂದು ಸಂಗೀತಪತ್ರಿಕೆಯ ಯೋಗ್ಯತೆ ಆ ಚೌಕದಲ್ಲಿ ತಿಳಿಯುವಷ್ಟು ಸಂಪಾದಕೀಯದಲ್ಲಿ ತಿಳಿಯುವುದಿಲ್ಲ.

ಕಥೆಗಳ ಪತ್ರಿಕೆಗೆ ಈ ಚೌಕ ಕಷ್ಟದ ಕೆಲಸವಲ್ಲ. ನಾಯಕಿ ಬಾವಿಯ ಕಟ್ಟೆಯ ಮೇಲೆ ನಿಂತಿರುವಾಗ ಕಂತು ಮುಗಿದರೆ ಸಾಕು, ಓದುಗ ತಾನಾಗಿಯೇ ಕಾಯುತ್ತಾನೆ. ಸಂಗೀತಪತ್ರಿಕೆಗೆ ಆ ಅನುಕೂಲವಿಲ್ಲ. ಅದು ಯಾವುದನ್ನು ಕುರಿತು ಆಸೆ ಹುಟ್ಟಿಸುತ್ತದೆಯೋ ಆ ಪದಾರ್ಥವೇ ಅದರ ಬಳಿ ಇಲ್ಲ. ಕಾಗದಕ್ಕೆ ನಾದವಿಲ್ಲ; ಕಣ್ಣಿನ ಮೂಲಕ ಕಿವಿಗೆ ಊಟ ಬಡಿಸುವೆನೆಂಬ ಈ ವಾಗ್ದಾನವನ್ನು ನಡೆಸಿಕೊಡುವ ಬಗೆ ಹೇಗೆ? ಆದರೂ ಜನ ಕಾಯುತ್ತಾರೆ, ಚಂದಾ ತೆರುತ್ತಾರೆ. ಅವರು ನಿರೀಕ್ಷಿಸುವುದಾದರೂ ಏನನ್ನು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಹಲವು ವರ್ಷಗಳ ಹಿಂದೆ ನಾನು ಚಂದಾದಾರನಾಗಿದ್ದ ಒಂದು ಪುಟ್ಟ ಪತ್ರಿಕೆ, ಅದರ ಹೆಸರು ಇಲ್ಲಿ ಬೇಡ, ತನ್ನ ಚೌಕದಲ್ಲಿ ‘ಆರಭಿಗೂ ದೇವಗಾಂಧಾರಿಗೂ ಇರುವ ಭೇದ: ಒಂದು ವಿಚಾರ’ ಎಂದು ಪ್ರಕಟಿಸಿತು. ಸಂಗೀತ ಬಲ್ಲವರಿಗೆ ಇದರ ರುಚಿ ಗೊತ್ತು. ಎರಡೂ ಇಪ್ಪತ್ತೊಂಬತ್ತನೆಯ ಮೇಳವಾದ ಧೀರಶಂಕರಾಭರಣದಲ್ಲಿ ಹುಟ್ಟಿದ ರಾಗಗಳು. ಪುಸ್ತಕದಲ್ಲಿ ಬರೆದುಕೊಳ್ಳುವ ಆರೋಹಣ ಅವರೋಹಣಗಳು ಹೆಚ್ಚುಕಡಮೆ ಒಂದೇ. ಆದರೆ ತ್ಯಾಗರಾಜರ ಪಂಚರತ್ನಗಳಲ್ಲಿ ಮೂರನೆಯದಾದ ‘ಸಾಧಿಂಚೆನೆ’ಯನ್ನು ಕೇಳಿ, ಅನಂತರ ಅವರದೇ ‘ಕ್ಷೀರಸಾಗರಶಯನ’ವನ್ನು ಕೇಳಿದರೆ ಸಂಬಂಧವೇ ಇಲ್ಲದ ಇಬ್ಬರನ್ನು ಕಂಡಂತಾಗುತ್ತದೆ. ಆರಭಿಯದು ಚುರುಕು ನಡಿಗೆ, ಸ್ವರಗಳು ನಿಡಿದಾಗಿ ನಿಲ್ಲದೆ ಮುಂದೆ ಹಾಯುತ್ತವೆ. ದೇವಗಾಂಧಾರಿ ಪ್ರತಿಯೊಂದು ಸ್ವರವನ್ನೂ ಎಳೆದು ತೂಗಿ, ನಿಂತು ನಿಂತು ಬರುತ್ತದೆ. ಸ್ವರಗಳು ಅವೇ; ರಾಗ ಬೇರೆ. ಈ ಭೇದವನ್ನು ಸ್ವರಲಿಪಿ ಹೇಳಲಾರದು; ಬಲ್ಲವನೊಬ್ಬ ಮಾತಿನಲ್ಲಿ ಹೇಳಿದರೆ ಕೇಳುವ ಕಿವಿಗೆ ಒಂದು ದಾರಿ ದೊರೆಯಬಹುದು. ನಾನು ಮುಂದಿನ ಸಂಚಿಕೆಗಾಗಿ ಕಾದೆ. ಅದು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಕಾರ್ಯಾಲಯಕ್ಕೆ ಬರೆದ ಕಾಗದ ‘ವಿಳಾಸದಾರರು ಇಲ್ಲ’ ಎಂಬ ಅಂಚೆಯವರ ಷರಾದೊಡನೆ ಹಿಂದಿರುಗಿತು. ಉಳಿದ ಚಂದಾ ಹಣಕ್ಕಾಗಿ ನನಗೆ ವ್ಯಥೆಯಿಲ್ಲ; ಆ ಲೇಖನಕ್ಕಾಗಿ ಈಗಲೂ ಇದೆ.

ನಮ್ಮ ದೇಶದ ಸಂಗೀತಪತ್ರಿಕೆಗಳಲ್ಲಿ ಬಹುಪಾಲು ಹೀಗೆಯೇ ಅರ್ಧ ಆವರ್ತದಲ್ಲಿ ನಿಂತವು. ಬಾಳಿದವುಗಳ ಕಥೆ ಬೇರೆ. ಮದರಾಸಿನಲ್ಲಿ 1927ರ ಸಂಗೀತ ಸಮ್ಮೇಳನದ ಫಲವಾಗಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿ 1930ರಿಂದ ತನ್ನ ವಿದ್ವತ್ಪತ್ರಿಕೆಯನ್ನು ಹೊರಡಿಸಿತು. ಡಿಸೆಂಬರಿನಲ್ಲಿ ವಿದ್ವಾಂಸರು ಕಲೆತು ರಾಗಲಕ್ಷಣಗಳನ್ನು ಕುರಿತು ಮಾಡಿದ ಚರ್ಚೆ, ಯಾರು ಯಾವ ಪ್ರಯೋಗವನ್ನು ಒಪ್ಪಿದರು, ಯಾರು ತಮ್ಮ ಗುರುಪರಂಪರೆಯ ಪಾಠವನ್ನು ಹಾಡಿ ತೋರಿಸಿ ಒಪ್ಪದೆ ಕುಳಿತರು ಎಂಬ ವರದಿ ಅದರಲ್ಲಿ ಅಚ್ಚಾಗುತ್ತಿತ್ತು. 1935ರ ಸಮ್ಮೇಳನಕ್ಕೆ ನಮ್ಮ ಮೈಸೂರು ವಾಸುದೇವಾಚಾರ್ಯರು ಅಧ್ಯಕ್ಷರು. ಸಭೆಗೆ ಹೋಗಲಾರದ ಊರಿನ ವಿದ್ವಾಂಸನಿಗೆ ಆ ಸಂಪುಟ ಬಂದಾಗಲೇ ಡಿಸೆಂಬರ್. ಅದೇ 1935ರಲ್ಲಿ ಉತ್ತರದ ಹಾಥರಸಿನಲ್ಲಿ, ಹಾಸ್ಯಕವಿಯೆಂದು ಮುಂದೆ ಹೆಸರಾದ ಕಾಕಾ ಹಾಥರಸಿಯವರು ‘ಸಂಗೀತ’ ಎಂಬ ಹಿಂದೀ ಮಾಸಪತ್ರಿಕೆಯನ್ನು ಆರಂಭಿಸಿದರು. ಗುರು ದೊರೆಯದ ಹಳ್ಳಿಪಟ್ಟಣಗಳ ಎಷ್ಟೋ ಹಾರ್ಮೋನಿಯಂ ವಾದಕರಿಗೆ ಅದರ ಸ್ವರಲಿಪಿಯ ಪುಟಗಳೇ ಗುರುವಾದವು.

ಇವೆರಡಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದುದು ಗಂಧರ್ವ ಮಹಾವಿದ್ಯಾಲಯ ಮಂಡಲದ ‘ಸಂಗೀತ ಕಲಾವಿಹಾರ’. ಅದರ ಸಂಪಾದಕರು ಪ್ರೊಫೆಸರ್ ಬಿ. ಆರ್. ದೇವಧರರು, ಬೆಳಗಾವಿಯ ಸುಳೇಭಾವಿಯ ಬಾಲಕ ಕುಮಾರ ಗಂಧರ್ವರನ್ನು ಮುಂಬಯಿಯಲ್ಲಿ ಶಿಷ್ಯನನ್ನಾಗಿ ಪಡೆದವರು. ದೇವಧರರು ಬರೆದ ಗಾಯಕರ ಚಿತ್ರಗಳಲ್ಲಿ ಮನುಷ್ಯ ಕಾಣುತ್ತಾನೆ: ಅವನ ಮುಂಗೋಪ, ಅವನ ಬಡತನ, ಚೀಜನ್ನು ಮುಚ್ಚಿಡುವ ಜಿಪುಣತನ, ಒಮ್ಮೆ ಒಲಿದರೆ ರಾತ್ರಿಯೆಲ್ಲ ಹೇಳಿಕೊಡುವ ಔದಾರ್ಯ. ನಮ್ಮಲ್ಲಿ ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಓದಿದವರಿಗೆ ಈ ಜಾತಿಯ ಬರೆಹದ ಬೆಲೆಯನ್ನು ಹೇಳಬೇಕಾದುದಿಲ್ಲ. 1983ರ ಅಕ್ಟೋಬರಿನಲ್ಲಿ ಎನ್. ಪಟ್ಟಾಭಿರಾಮನ್ನರು ಮದರಾಸಿನಿಂದ ‘ಶ್ರುತಿ’ಯನ್ನು ಇಂಗ್ಲಿಷಿನಲ್ಲಿ ಆರಂಭಿಸಿದಾಗಲೂ ಓದುಗರನ್ನು ಹಿಡಿದು ನಿಲ್ಲಿಸಿದುದು ಇಂತಹ ದೀರ್ಘವಾದ ವ್ಯಕ್ತಿಚಿತ್ರಗಳೇ.

ಇಷ್ಟೆಲ್ಲ ಒಳ್ಳೆಯ ಪತ್ರಿಕೆಗಳ ಚೌಕಗಳನ್ನು ನೆನೆದುಕೊಂಡಾಗಲೂ ನನಗೊಂದು ಕೊರತೆ ಕಾಣುತ್ತದೆ. ಅವುಗಳಲ್ಲಿ ಬರುವ ಹೆಸರು ಸಾಮಾನ್ಯವಾಗಿ ನಮಗೆ ಗೊತ್ತಿರುವ ಹೆಸರು. ಕೀರ್ತಿಶೇಷರ ಜನ್ಮಶತಾಬ್ದಿ, ಪ್ರಶಸ್ತಿ ಪಡೆದವರ ಸಂದರ್ಶನ, ಎಲ್ಲರೂ ಕೇಳಿದ ಕಚೇರಿಯ ವಿಮರ್ಶೆ. ಮದರಾಸಿನ ಡಿಸೆಂಬರಿನಲ್ಲಾಗಲಿ ನಮ್ಮ ರಾಮೋತ್ಸವದ ಚಪ್ಪರಗಳಲ್ಲಾಗಲಿ ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಖಾಲಿ ಕುರ್ಚಿಗಳ ಎದುರು, ಪಕ್ಕವಾದ್ಯದವರ ತಾಯಿತಂದೆಗಳೇ ಸಭೆಯಾಗಿರುವಾಗ ಹಾಡುವ ಹುಡುಗಿಯ ಹೆಸರು ಆ ಚೌಕದಲ್ಲಿ ಬರುವುದಿಲ್ಲ. ವಿಮರ್ಶಕ ಸಂಜೆ ಆರಕ್ಕೆ ಬರುತ್ತಾನೆ. ಬಂದು, ತೋಡಿಯನ್ನು ವಿಸ್ತಾರವಾಗಿ ಹಾಡಿದರೆಂದೂ ತನಿ ಆವರ್ತನ ಕಳೆಕಟ್ಟಿತೆಂದೂ ಬರೆಯುತ್ತಾನೆ. ಅದನ್ನು ಅವನು ಮನೆಯಲ್ಲಿ ಕುಳಿತೂ ಬರೆಯಬಹುದಿತ್ತು. ಮಾರಾಟವಾಗುವ ಹೆಸರನ್ನು ಚೌಕದಲ್ಲಿ ಹಾಕದಿದ್ದರೆ ಪತ್ರಿಕೆ ಬದುಕುವುದಿಲ್ಲವೆಂದು ಸಂಪಾದಕರು ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗದುದಲ್ಲ.

ಗ್ರಾಮಫೋನು ಬಂದಮೇಲೆ ಈ ಪ್ರಶ್ನೆಯ ಸ್ವರೂಪ ಸ್ವಲ್ಪ ಬದಲಾಯಿಸಿತು. 1923ರ ಏಪ್ರಿಲಿನಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಲಂಡನ್ನಿನಲ್ಲಿ ‘ದಿ ಗ್ರಾಮಫೋನ್’ ಪತ್ರಿಕೆಯನ್ನು ಆರಂಭಿಸಿದನಷ್ಟೆ. ಅಲ್ಲಿಂದ ಓದುಗ ಕಾದದ್ದು ಲೇಖನಕ್ಕಾಗಿ ಅಷ್ಟಲ್ಲ, ಯಾವ ಫಲಕ ಬರುತ್ತದೆ, ಕೊಳ್ಳಬಹುದೆ ಬಾರದೆ ಎಂಬ ಸಲಹೆಗಾಗಿ. ಮುಂದೆ 1931ರಲ್ಲಿ ಹ್ಯೂಗೋ ವುಲ್ಫನ ಗೀತೆಗಳಿಗಾಗಿ ಒಂದು ಸಂಘವೇ ಏರ್ಪಟ್ಟಿತು: ಫಲಕಗಳಿಗೆ ಮುಂಗಡ ಚಂದಾ ಕೊಡುವ ರಸಿಕರು ಸಾಕಷ್ಟು ಮಂದಿ ಕೂಡಿದಮೇಲೆಯೇ ಧ್ವನಿಮುದ್ರಣ. ಈ ಮಾದರಿಯ ಕಥೆಯಲ್ಲಿ ಮೈಸೂರಿನ ಹೆಸರೂ ಇದೆ. ಲಂಡನ್ನಿನಲ್ಲಿ ನೆಲೆಸಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯದ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಧನಸಹಾಯ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಅವರಿಗೆ ಅರ್ಪಿಸಿದ್ದಾನೆ. ಅವನು ತೀರಿಕೊಂಡದ್ದು 1951ರಲ್ಲಿ. ಇನ್ನೆರಡು ವರ್ಷ ತಡವಾಗಿದ್ದರೆ ಆ ಬೆರಳುಗಳ ಕಡೆಗಾಲದ ನುಡಿ ನಮಗೆ ಉಳಿಯುತ್ತಿರಲಿಲ್ಲ.

ಈಗಂತೂ ಜೇಬಿನ ಫೋನಿನಲ್ಲಿ ಲೋಕದ ಸಂಗೀತವೆಲ್ಲ ಇದೆ. ಪತ್ರಿಕೆಯಲ್ಲಿ ಹೆಸರು ಓದಿದ ಗಳಿಗೆಯಲ್ಲೇ ಹಾಡನ್ನು ಕೇಳಿ, ಲೇಖಕ ಹೇಳಿದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸಬಹುದು. ಆದುದರಿಂದ, ಫಲಕವೂ ಇಲ್ಲದಿದ್ದ ಕಾಲದಲ್ಲಿ, ಓದುಗನಿಗೆ ಪತ್ರಿಕೆಯ ಮಾತಲ್ಲದೆ ಬೇರೆ ಆಧಾರವೇ ಇಲ್ಲದಿದ್ದಾಗ, ಯಾರೂ ಕೇಳದ ಸಂಗೀತವನ್ನು ಕುರಿತು ಆಸೆ ಹುಟ್ಟಿಸಿದ ಒಂದು ಪತ್ರಿಕೆಯ ಕಥೆ ಹೇಳುವುದು ಒಳ್ಳೆಯದು. ಅದು ನಡೆದದ್ದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ.

ಆ ಊರಿನಲ್ಲಿ ಆಗಲೇ ಒಂದು ಪ್ರತಿಷ್ಠಿತ ಸಂಗೀತಪತ್ರಿಕೆಯಿತ್ತು. ಸ್ವರಪುಸ್ತಕಗಳ ದೊಡ್ಡ ಪ್ರಕಾಶಕರು 1798ರಲ್ಲಿ ಆರಂಭಿಸಿದ ಅದು ಒಂದು ಕಾಲಕ್ಕೆ ನಿಜವಾಗಿ ದೊಡ್ಡ ಪತ್ರಿಕೆಯೇ. 1810ರ ಜುಲೈಯಲ್ಲಿ, ಕಥೆಗಾರನೂ ಸಂಗೀತಗಾರನೂ ಆದ ಹಾಫ್‌ಮನ್ ಬೀಥೋವನ್ನನ ಐದನೆಯ ಸಿಂಫನಿಯನ್ನು ಕುರಿತು ಎರಡು ಕಂತುಗಳ ವಿಮರ್ಶೆ ಬರೆದದ್ದು ಅದರಲ್ಲಿ. ಅಚ್ಚಾದ ಸ್ವರಪುಟಗಳನ್ನು ಮುಂದಿಟ್ಟುಕೊಂಡು, ಒಳಗಿವಿಯಿಂದ ಕೇಳಿ ಬರೆದದ್ದು. ಸಂಗೀತವಿಮರ್ಶೆ ಎಂಬ ಶಾಸ್ತ್ರ ಆ ವಾರದಲ್ಲಿ ಹುಟ್ಟಿತೆಂದು ಹೇಳುವವರಿದ್ದಾರೆ. ಆದರೆ ವೃದ್ಧಾಪ್ಯ ಪತ್ರಿಕೆಗಳಿಗೂ ತಪ್ಪಿದ್ದಲ್ಲ. 1830ರ ಹೊತ್ತಿಗೆ ಅದು ಎಲ್ಲರನ್ನೂ ಸಮವಾಗಿ ಹೊಗಳುತ್ತಿತ್ತು. ಶ್ರೀಮಂತರ ದಿವಾನಖಾನೆಗಳಲ್ಲಿ ಹೆರ್ಜ್, ಹ್ಯೂಂಟೆನ್ ಮೊದಲಾದವರ ಬೆರಳ ಚಮತ್ಕಾರದ ರಚನೆಗಳಿಗೆ ಗಿರಾಕಿಗಳಿದ್ದರು. ಬೀಥೋವನ್ ಸತ್ತು ಕೆಲವೇ ವರ್ಷಗಳಾಗಿದ್ದುವು, ಶೂಬರ್ಟನ ಹೆಸರು ವಿಯೆನ್ನದ ಹೊರಗೆ ಹೆಚ್ಚು ಜನಕ್ಕೆ ತಿಳಿಯದು.

ಆ ಹಳೆಯ ಪತ್ರಿಕೆಯಲ್ಲಿಯೇ 1831ರ ಡಿಸೆಂಬರ್ 7ರಂದು ಇಪ್ಪತ್ತೊಂದರ ಒಬ್ಬ ತರುಣ ಒಂದು ವಿಚಿತ್ರವಾದ ವಿಮರ್ಶೆ ಬರೆದ. ಗೆಳೆಯನೊಬ್ಬ ಸ್ವರಪುಸ್ತಕವನ್ನು ಹಿಡಿದು ಕೊಠಡಿಗೆ ನುಗ್ಗುತ್ತಾನೆ, ನುಡಿಸುತ್ತಾರೆ, ಬೆರಗಾಗುತ್ತಾರೆ, ಕೊನೆಗೆ ಮುಖಪುಟ ತಿರುಗಿಸಿ ರಚಿಸಿದವನ ಹೆಸರು ನೋಡುತ್ತಾರೆ. ಆ ಹೆಸರು ಶೋಪಾಂ. ಅವನಿಗೂ ಆಗ ಇಪ್ಪತ್ತೊಂದೇ ವರ್ಷ. ಕಥೆಯೋ ವಿಮರ್ಶೆಯೋ ತಿಳಿಯದ ಈ ಬರೆಹದಲ್ಲಿ ಒಬ್ಬ ಪ್ರತಿಭಾವಂತನಿಗೆ ಟೋಪಿ ತೆಗೆದು ಗೌರವ ತೋರಬೇಕೆಂದು ಹೇಳಿದ ತರುಣ ರಾಬರ್ಟ್ ಶೂಮನ್. ಪಿಯಾನೊವಾದಕನಾಗಬೇಕೆಂದು ಹಟ ತೊಟ್ಟಿದ್ದ ಅವನ ಬಲಗೈಯ ಬೆರಳು ಕೆಟ್ಟು ಆ ಆಸೆ ಮುರಿಯಿತು. ಕೈ ಸೋತವನು ಲೇಖನಿ ಹಿಡಿದನೆಂದು ಹೇಳುವುದು ಸುಲಭ. ಆದರೆ ಅವನು ರಚನೆಯನ್ನೂ ಬಿಟ್ಟವನಲ್ಲ.

‘ಕಾಫೆಬೌಮ್’ ಎಂಬ ಕಾಫಿಯ ಮನೆಯಲ್ಲಿ ಸಂಜೆ ಸೇರುತ್ತಿದ್ದ ಗೆಳೆಯರ ಹರಟೆಯಿಂದ ಹೊಸ ಪತ್ರಿಕೆ ಹುಟ್ಟಿತು. 1834ರ ಏಪ್ರಿಲ್ 3ರಂದು ಮೊದಲ ಸಂಚಿಕೆ. ವಾರಕ್ಕೆ ಎರಡು ಸಲ. ಮರುವರ್ಷದ ಆರಂಭದಿಂದ ಶೂಮನ್ನನೇ ಒಡೆಯ, ಸಂಪಾದಕ, ಮುಖ್ಯ ಲೇಖಕ, ಕೆಲವೊಮ್ಮೆ ಒಂದೇ ಸಂಚಿಕೆಯಲ್ಲಿ ಮೂರು ಜನ ಲೇಖಕ. ಅವನು ತನ್ನ ಸ್ವಭಾವವನ್ನೇ ಒಡೆದು ಫ್ಲೊರೆಸ್ಟಾನ್ ಎಂಬ ಆವೇಶದವನನ್ನೂ ಯೂಸೆಬಿಯಸ್ ಎಂಬ ಮೆಲುಮಾತಿನವನನ್ನೂ ಮಾಡಿಕೊಂಡು, ಇವರಿಬ್ಬರ ಜಗಳವನ್ನು ತೀರ್ಮಾನಿಸಲು ರಾರೊ ಎಂಬ ಹಿರಿಯನನ್ನು ಕೂರಿಸಿದ್ದ. ಓದುಗರಿಗೆ ಇವರು ನಿಜವಾದ ಮನುಷ್ಯರೋ ಅಲ್ಲವೋ ಎಂಬ ಕುತೂಹಲ. ಮುಂದಿನ ಸಂಚಿಕೆಗಾಗಿ ಕಾಯುವಂತೆ ಮಾಡುವ ಉಪಾಯಗಳಲ್ಲಿ ಇದಕ್ಕಿಂತ ಸೊಗಸಾದುದನ್ನು ನಾನು ಕಂಡಿಲ್ಲ. ಉಪಾಯವಷ್ಟೇ ಆಗಿದ್ದರೆ ಬೇಗ ಹಳಸುತ್ತಿತ್ತು. ಒಂದು ಕೃತಿಯನ್ನು ಒಬ್ಬ ಮೆಚ್ಚಿ ಇನ್ನೊಬ್ಬ ಮೆಚ್ಚದಿದ್ದಾಗ ಓದುಗ ತಾನೂ ಕಿವಿ ತೆರೆದು ಯೋಚಿಸಬೇಕಾಗುತ್ತಿತ್ತು. 1838ರಿಂದ ಕೆಲವು ಕಾಲ ಅವನು ಸ್ವರಲಿಪಿಯ ಪುರವಣಿಗಳನ್ನೂ ಕೊಟ್ಟ. ಹಳಬರ ಕೃತಿಗಳ ಜೊತೆಗೆ ಹೊಸಬರ ಕೃತಿಗಳನ್ನು ಹೊಲಿದು ಚಂದಾದಾರನ ಪಿಯಾನೊ ಮೇಲೆ ಇಟ್ಟ. ಕಾಗದಕ್ಕೆ ನಾದವಿಲ್ಲವೆಂದು ಮೇಲೆ ಹೇಳಿದೆನಲ್ಲ. ಮನೆಯಲ್ಲಿ ನುಡಿಸಬಲ್ಲವರಿದ್ದ ಸಮಾಜದಲ್ಲಿ ಅದು ಪೂರ್ತಿ ಸತ್ಯವಲ್ಲ.

ಶೂಮನ್ ಎಲ್ಲರನ್ನೂ ಸರಿಯಾಗಿ ಅಳೆದನೆಂದಲ್ಲ. ಇಂಗ್ಲೆಂಡಿನ ಸ್ಟರ್ನ್‌ಡೇಲ್ ಬೆನೆಟ್ಟನನ್ನು ಅವನು ಹೊಗಳಿದ ಪುಟಗಳನ್ನು ಓದಿ, ಇಂದಿನ ಕಛೇರಿಗಳಲ್ಲಿ ಆ ಹೆಸರು ಎಷ್ಟು ಅಪರೂಪವೆಂಬುದನ್ನು ನೆನೆದರೆ ನಗು ಬರುತ್ತದೆ. ಮೈಯರ್‌ಬೇರನ ಗೀತನಾಟಕದ ಮೇಲೆ ಅವನು ಬರೆದುದರಲ್ಲಿ ನ್ಯಾಯಕ್ಕಿಂತ ಸಿಟ್ಟು ಹೆಚ್ಚು. ಆದರೆ ಅವನು ತಪ್ಪಿದಾಗ ಸಾಮಾನ್ಯವಾಗಿ ಔದಾರ್ಯದ ಕಡೆಗೆ, ಹೊಸಬನ ಕಡೆಗೆ ವಾಲಿ ತಪ್ಪುತ್ತಿದ್ದ. ಸಂಪಾದಕನಿಗೆ ಇದು ಕೆಟ್ಟ ದೋಷವಲ್ಲ.

1838ರ ಶರತ್ಕಾಲದಲ್ಲಿ ಅವನು ಪತ್ರಿಕೆಯನ್ನು ವಿಯೆನ್ನಕ್ಕೆ ಸಾಗಿಸುವ ಉದ್ದೇಶದಿಂದ ಆ ನಗರಕ್ಕೆ ಹೋದ. ಲೈಪ್‌ಜಿಗ್ಗಿನಲ್ಲಿ ಪ್ರಿಯೆ ಕ್ಲಾರಳ ತಂದೆ ಮದುವೆಗೆ ಅಡ್ಡ ನಿಂತಿದ್ದ. ವಿಯೆನ್ನದಲ್ಲಿ ಪತ್ರಿಕೆಗಳ ಮೇಲೆ ಸರ್ಕಾರದ ಕಣ್ಣು. ಅನುಮತಿ ದೊರೆಯದೆ ಕೆಲಸ ಕೆಟ್ಟಿತು. ಹೀಗೆ ಕೆಲಸವಿಲ್ಲದೆ ಕಳೆಯುತ್ತಿದ್ದ ದಿನಗಳಲ್ಲಿ ಅವನು ಬೀಥೋವನ್ ಮತ್ತು ಶೂಬರ್ಟರ ಸಮಾಧಿಗಳನ್ನು ನೋಡಲು ಹೋದ. ಅನಂತರ ಶೂಬರ್ಟನ ಅಣ್ಣ ಫರ್ಡಿನಾಂಡನ ಮನೆಯ ಬಾಗಿಲು ತಟ್ಟಿದ. ಶೂಬರ್ಟ್ 1828ರಲ್ಲಿ, ಮೂವತ್ತೊಂದು ವರ್ಷಕ್ಕೆ ತೀರಿಕೊಂಡಿದ್ದ. ಅಣ್ಣ ಬಡ ಉಪಾಧ್ಯಾಯ. ಅವನ ಮನೆಯಲ್ಲಿ ತಮ್ಮನ ಹಸ್ತಪ್ರತಿಗಳ ರಾಶಿ ಹತ್ತು ವರ್ಷಗಳಿಂದ ಕುಳಿತಿತ್ತು. ಅದರಲ್ಲಿ ಸಿ ಮೇಜರ್ ಶ್ರುತಿಯ ದೊಡ್ಡ ಸಿಂಫನಿಯೊಂದಿತ್ತು. ಸುಮಾರು ಒಂದು ಗಂಟೆಯ ಕೃತಿ. ಸಾರ್ವಜನಿಕ ಸಭೆಯಲ್ಲಿ ಯಾರೂ ಅದನ್ನು ಪೂರ್ತಿಯಾಗಿ ಕೇಳಿದವರಿಲ್ಲ.

ಬೇರೆ ಪತ್ರಿಕೆಯ ಸಂಪಾದಕನಾಗಿದ್ದರೆ ಆ ಕ್ಷಣವೇ ಊರಿಗೆ ಬರೆದು, ಅಪೂರ್ವ ಶೋಧ, ಮುಂದಿನ ಸಂಚಿಕೆಯಲ್ಲಿ ಸಂಪೂರ್ಣ ವಿವರ ಎಂದು ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದ. ಶೂಮನ್ ಮೊದಲು ಸಂಗೀತಕ್ಕೆ ದಾರಿ ಮಾಡಿದ. ಕೃತಿ ಲೈಪ್‌ಜಿಗ್ಗಿಗೆ ಹೋಯಿತು. 1839ರ ಮಾರ್ಚ್ 21ರಂದು ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಮೆಂಡೆಲ್‌ಸನ್ ಅದನ್ನು ನಡೆಸಿದ. ಶೂಮನ್ ಆಗ ವಿಯೆನ್ನದಲ್ಲೇ ಇದ್ದ. ತಾನು ಹುಡುಕಿದ ಕೃತಿಯನ್ನು ಅವನು ಕಿವಿಯಾರೆ ಕೇಳಿದ್ದು ಡಿಸೆಂಬರಿನಲ್ಲಿ, ಒಂದು ತಾಲೀಮಿನಲ್ಲಿ. ಕೇಳಿ ಕ್ಲಾರಳಿಗೆ ಬರೆದ ಕಾಗದದಲ್ಲಿ ಅವನ ಸಂತೋಷ ಉಕ್ಕಿ ಹರಿದಿದೆ. ಪತ್ರಿಕೆಯಲ್ಲಿ ಲೇಖನ ಬಂದದ್ದು 1840ರ ಮಾರ್ಚಿನಲ್ಲಿ, ಕಂಡುಹಿಡಿದು ಒಂದು ವರ್ಷದ ಮೇಲೆ. ಕೃತಿಯ ದೀರ್ಘತೆಯನ್ನು ದೋಷವೆನ್ನುವವರಿಗೆ ಅವನು ಅದರಲ್ಲಿ, ನಾಲ್ಕು ಸಂಪುಟಗಳ ಒಳ್ಳೆಯ ಕಾದಂಬರಿ ಮುಗಿಯದಿರಲಿ ಎನ್ನಿಸುವುದಿಲ್ಲವೆ ಎಂಬ ಅರ್ಥದ ಸಮಾಧಾನ ಹೇಳಿದ್ದಾನೆ. ಬೀಥೋವನ್ನನ ಸಮಾಧಿಯ ಮೇಲೆ ತನಗೊಂದು ಉಕ್ಕಿನ ಲೇಖನಿ ಸಿಕ್ಕಿತೆಂದೂ ಅದನ್ನು ಇಂತಹ ಹಬ್ಬದ ಸಂದರ್ಭಗಳಿಗಾಗಿ ಕಾಪಾಡಿಕೊಂಡಿರುವುದಾಗಿಯೂ ಅವನು ಬರೆದಿದ್ದಾನೆ. ನಿಜವೋ ಫ್ಲೊರೆಸ್ಟಾನನ ಕಲ್ಪನೆಯೋ! ನನಗಂತೂ ಲೇಖನಿಗಿಂತ ಆ ಒಂದು ವರ್ಷದ ಮೌನ ಹೆಚ್ಚಿನದಾಗಿ ಕಾಣುತ್ತದೆ. ಕೇಳಿದಮೇಲೆ ಬರೆದ.

1844ರಲ್ಲಿ ಶೂಮನ್ ಪತ್ರಿಕೆಯನ್ನು ಬಿಟ್ಟ. ಹತ್ತು ವರ್ಷ ಇತರರ ಸಂಗೀತಕ್ಕಾಗಿ ದುಡಿದು ತನ್ನ ರಚನೆಗೆ ಹೊತ್ತು ಸಾಲದಾಗಿತ್ತು, ಆರೋಗ್ಯವೂ ಕೆಟ್ಟಿತ್ತು. ಮರುವರ್ಷದಿಂದ ಫ್ರಾಂಜ್ ಬ್ರೆಂಡೆಲ್ ಸಂಪಾದಕನಾದ. ಹೆಸರು ಅದೇ, ಊರು ಅದೇ, ಅಚ್ಚಿನ ಮೊಳೆಯೂ ಅದೇ ಇದ್ದಿರಬಹುದು. ಹೊಸ ಸಂಗೀತಕ್ಕೆ ಜಾಗ ಕೊಡಬೇಕೆಂಬ ಮಾತನ್ನೂ ಅವನು ಬಿಡಲಿಲ್ಲ. 1850ರ ಸೆಪ್ಟೆಂಬರಿನ ಸಂಚಿಕೆಗಳಲ್ಲಿ ಒಂದು ಲೇಖನ ಕಂತುಕಂತಾಗಿ ಬಂತು. ಬರೆದವನ ಹೆಸರು ಫ್ರೈಗೆಡಾಂಕ್, ಎಂದರೆ ಸ್ವತಂತ್ರ ವಿಚಾರದವನು. ಯೆಹೂದ್ಯರಿಗೆ ನಿಜವಾದ ಸಂಗೀತ ಸೃಷ್ಟಿಸುವ ಶಕ್ತಿಯೇ ಇಲ್ಲ, ಅವರದೇನಿದ್ದರೂ ಅನುಕರಣೆ ಎಂಬುದು ಅದರ ವಾದ. ಅದಕ್ಕೆ ಮುಖ್ಯ ನಿದರ್ಶನವಾಗಿ ಎತ್ತಿಕೊಂಡದ್ದು ಮೆಂಡೆಲ್‌ಸನ್ನನನ್ನು. ಅವನು ಸತ್ತು ಆಗ ಮೂರು ವರ್ಷ ತುಂಬಿರಲಿಲ್ಲ.

ಇದೇ ಪತ್ರಿಕೆ ಹತ್ತು ವರ್ಷಗಳ ಹಿಂದೆ ಕೊಂಡಾಡಿದ್ದ ಶೂಬರ್ಟನ ಸಿಂಫನಿಗೆ ಮೊದಲ ಉಸಿರು ಕೊಟ್ಟವನು ಆ ಮೆಂಡೆಲ್‌ಸನ್. 1843ರಲ್ಲಿ ಲೈಪ್‌ಜಿಗ್ಗಿನ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದವನೂ ಅವನೇ. ಬ್ರೆಂಡೆಲ್ ಸಂಗೀತದ ಚರಿತ್ರೆಯನ್ನು ಬೋಧಿಸಿ ಸಂಬಳ ಪಡೆಯುತ್ತಿದ್ದುದು ಆ ವಿದ್ಯಾಲಯದಲ್ಲಿಯೇ. ಹನ್ನೊಂದು ಮಂದಿ ಅಧ್ಯಾಪಕರು ಅವನನ್ನು ತೆಗೆಯಬೇಕೆಂದು ಆಡಳಿತದವರಿಗೆ ಬರೆದರು. ಅವನು ಹೋಗಲಿಲ್ಲ. ಗುಪ್ತನಾಮದ ಹಿಂದೆ ಇದ್ದವನು ರಿಚರ್ಡ್ ವಾಗ್ನರ್; 1869ರಲ್ಲಿ ಆ ಲೇಖನವನ್ನೇ ಬೆಳೆಸಿ ತನ್ನ ಸ್ವಂತ ಹೆಸರಿನಲ್ಲಿ ಪುಸ್ತಿಕೆಯಾಗಿ ಹೊರಡಿಸಿದ. ಆ ಮಾತುಗಳಿಗೆ ಇಪ್ಪತ್ತನೆಯ ಶತಮಾನದ ಜರ್ಮನಿಯಲ್ಲಿ ಎಂತಹ ಓದುಗರು ಸಿಕ್ಕರೆಂಬುದನ್ನೂ, ಮೆಂಡೆಲ್‌ಸನ್ನನ ಸಂಗೀತವನ್ನೇ ಸಭಾಂಗಣಗಳಿಂದ ಹೊರಗಟ್ಟಿದುದನ್ನೂ, 1936ರಲ್ಲಿ ಗೆವಾಂಡ್‌ಹೌಸಿನ ಮುಂದಿದ್ದ ಅವನ ವಿಗ್ರಹವನ್ನು ಕಿತ್ತುಹಾಕಿದುದನ್ನೂ ಬಲ್ಲವರು ಇದನ್ನು ಕೇವಲ ಪತ್ರಿಕಾವ್ಯವಹಾರವೆಂದು ತಳ್ಳಿಹಾಕಲಾರರು. 1850ರ ಚಂದಾದಾರ ಮುಂದಿನ ಸಂಚಿಕೆಯನ್ನು ಕಾದದ್ದು ಹದಿನಾರು ವರ್ಷಗಳ ನಂಬಿಕೆಯಿಂದ. ಆ ನಂಬಿಕೆಯ ಮೇಲೆಯೇ ಈ ವಿಷ ಮನೆಮನೆಗೆ ಹೋಯಿತು. ಚೌಕದಲ್ಲಿ ದೊಡ್ಡ ಹೆಸರು ಹಾಕುವ ಸಂಪಾದಕನನ್ನು ನಾನು ಕ್ಷಮಿಸಬಲ್ಲೆ. ತನ್ನ ಓದುಗರ ಕಿವಿಯನ್ನು ಮುಚ್ಚಿಸುವವನನ್ನು ಕ್ಷಮಿಸುವುದು ಕಷ್ಟ. ಒಬ್ಬನ ಸಂಗೀತವನ್ನು ಕೇಳುವ ಮೊದಲೇ ಅವನ ಕುಲವನ್ನು ಕೇಳುವ ಅಭ್ಯಾಸ ಲೈಪ್‌ಜಿಗ್ಗಿಗೆ ಮಾತ್ರ ಮೀಸಲೆಂದು ನಮ್ಮ ದೇಶದಲ್ಲಿ ಯಾರೂ ಎದೆ ಮುಟ್ಟಿಕೊಂಡು ಹೇಳುವಂತಿಲ್ಲ.

ಮೂರು ವರ್ಷ ಕಳೆದಮೇಲೆ ಅದೇ ಪತ್ರಿಕೆಯಲ್ಲಿ ಶೂಮನ್ನನ ಹೆಸರು ಮತ್ತೆ ಕಾಣಿಸಿಕೊಂಡಿತು. ಸಂಪಾದಕತ್ವವನ್ನು ಬಿಟ್ಟ ಮೇಲೆ ಅವನು ಅದಕ್ಕೆ ಬರೆದಿರಲಿಲ್ಲವೆಂದೇ ಹೇಳಬೇಕು. ಡ್ಯುಸೆಲ್‌ಡಾರ್ಫಿನಲ್ಲಿದ್ದ ಅವನ ಮನೆಗೆ 1853ರ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹ್ಯಾಂಬರ್ಗಿನ ಒಬ್ಬ ಹುಡುಗ ಬಂದ. ಇಪ್ಪತ್ತು ವರ್ಷ, ಹೊಂಗೂದಲು, ಕೈಯಲ್ಲಿ ಹಸ್ತಪ್ರತಿಗಳು. ಪಿಯಾನೊ ಮುಂದೆ ಕುಳಿತು ನುಡಿಸತೊಡಗಿದೊಡನೆ ಶೂಮನ್ ಅವನನ್ನು ನಿಲ್ಲಿಸಿ, ಕ್ಲಾರಳನ್ನು ಕರೆದು ತಂದು, ಮೊದಲಿನಿಂದ ನುಡಿಸೆಂದನಂತೆ. ಅಕ್ಟೋಬರ್ 28ರ ಸಂಚಿಕೆಯಲ್ಲಿ ‘ಹೊಸ ದಾರಿಗಳು’ ಎಂಬ ಅರ್ಥದ ತಲೆಬರಹದೊಡನೆ ಅವನ ಲೇಖನ ಬಂತು. ಬರಬೇಕಾಗಿದ್ದವನು ಬಂದಿದ್ದಾನೆ, ಈ ಕಾಲದ ಅತ್ಯುನ್ನತ ಅಭಿವ್ಯಕ್ತಿ ಅವನಿಂದ ಆಗಲಿದೆ ಎಂಬ ಧಾಟಿ. ಹುಡುಗನ ಹೆಸರು ಯೊಹಾನೆಸ್ ಬ್ರಾಮ್ಸ್. ಆ ಹೊತ್ತಿಗೆ ಅವನದೊಂದು ಕೃತಿಯೂ ಅಚ್ಚಾಗಿರಲಿಲ್ಲ. ಓದಿದವರಲ್ಲಿ ಅವನ ಸಂಗೀತವನ್ನು ಕೇಳಿದವರು ಬೆರಳೆಣಿಕೆಯ ಮಂದಿ.

ಹುಡುಗನಿಗೆ ಹಿಗ್ಗಾಗಬೇಕಿತ್ತು, ಹೆದರಿಕೆಯಾಯಿತು. ನವೆಂಬರಿನಲ್ಲಿ ಅವನು ಶೂಮನ್ನನಿಗೆ ಬರೆದ ಕಾಗದದಲ್ಲಿ ಕೃತಜ್ಞತೆಯ ಜೊತೆಗೆ, ಈ ಬಹಿರಂಗ ಹೊಗಳಿಕೆಯಿಂದ ಜನರ ನಿರೀಕ್ಷೆ ಎಷ್ಟು ಬೆಳೆದಿದೆಯೆಂದರೆ ಅದನ್ನು ತಾನು ಹೇಗೆ ತುಂಬಿಕೊಡಬಲ್ಲೆನೋ ತಿಳಿಯದು ಎಂಬ ಅಳುಕೂ ಇದೆ. ಮರುವರ್ಷದ ಫೆಬ್ರವರಿಯಲ್ಲಿ ಶೂಮನ್ ಬುದ್ಧಿಭ್ರಮೆಯಿಂದ ರೈನ್ ನದಿಗೆ ಹಾರಿದ, ಬದುಕಿಸಿದರು, ಆಸ್ಪತ್ರೆಯಲ್ಲಿ ಎರಡು ವರ್ಷವಿದ್ದು 1856ರ ಜುಲೈ 29ರಂದು ತೀರಿಕೊಂಡ. ಅವನ ಕೊನೆಯ ದೊಡ್ಡ ವಿಮರ್ಶೆ ಆ ಹುಡುಗನ ಹೆಗಲ ಮೇಲೆ ಉಳಿಯಿತು.

ಬ್ರಾಮ್ಸ್ ಆತುರಪಡಲಿಲ್ಲ. ತಂತಿವಾದ್ಯಗಳ ಚತುಷ್ಕಗಳನ್ನು ಬರೆದು ಬರೆದು ಸುಟ್ಟ. ಅಚ್ಚಿಗೆ ಕೊಡಬಹುದೆಂದು ತೋರಿದ ಎರಡು 1873ರಲ್ಲಿ ಹೊರಬರುವ ಮೊದಲು ಇಪ್ಪತ್ತರಷ್ಟು ಬೂದಿಯಾದವೆಂದು ಮಿತ್ರನೊಬ್ಬನಿಗೆ ಹೇಳಿದನಂತೆ. ಸಿಂಫನಿಯ ಮಾತೆತ್ತಿದರೆ, ಬೆನ್ನ ಹಿಂದೆ ಬೀಥೋವನ್ನನ ಹೆಜ್ಜೆಯ ಸಪ್ಪಳ ಕೇಳುತ್ತದೆಂದು ತಪ್ಪಿಸಿಕೊಳ್ಳುತ್ತಿದ್ದ. ಅವನ ಮೊದಲ ಸಿಂಫನಿಯನ್ನು ಜನ ಕೇಳಿದ್ದು 1876ರ ನವೆಂಬರ್ 4ರಂದು, ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ. ಶೂಮನ್ನನ ಲೇಖನ ಅಚ್ಚಾಗಿ ಆಗ ಇಪ್ಪತ್ಮೂರು ವರ್ಷ, ಬ್ರಾಮ್ಸನಿಗೆ ನಲವತ್ತಮೂರು. ಕ್ಲಾರ ಬದುಕಿದ್ದಳು.